ಇನ್ಸುಲಿನ್ ಜೊತೆಗೆ ಬೇಕಾದ ಇನ್ನೊಂದು ಮದ್ದು

ಸಕ್ಕರೆ ಕಾಯಿಲೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಐವತ್ತು ದಾಟಿದವರ ಚಿತ್ರ. ಬೆಳಿಗ್ಗೆ ಕದ್ರಿ ಉದ್ಯಾನದಲ್ಲಿ ಬಿರುಸಿನಿಂದ ನಡೆಯುವವರು, ಮದುವೆ ಊಟದಲ್ಲಿ ಪಾಯಸ ಬಡಿಸುವವನಿಗೆ ಕೈ ಅಡ್ಡ ಹಿಡಿಯುವವರು, ಹೋಟೆಲಿನಲ್ಲಿ ಸಕ್ಕರೆ ಹಾಕದ ಚಹಾ ಕೇಳುವವರು. ಆದರೆ ಇದೇ ಹೆಸರು ಹೊತ್ತ ಇನ್ನೊಂದು ಕಾಯಿಲೆಯಿದೆ. ಅದು ಬರುವುದು ಹೆಚ್ಚಾಗಿ ಮಕ್ಕಳಿಗೆ, ಹದಿಹರೆಯದವರಿಗೆ. ವೈದ್ಯರು ಅದನ್ನು ಟೈಪ್ 1 ಮಧುಮೇಹ ಎನ್ನುತ್ತಾರೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶ ಮಾಡುವುದು ಇದಕ್ಕೆ ಕಾರಣ. ಮಗು ಸಿಹಿ ಹೆಚ್ಚು ತಿಂದದ್ದರಿಂದಾಗಲಿ, ತಾಯಿ ಬಸುರಿಯಾಗಿದ್ದಾಗ ಪಥ್ಯ ತಪ್ಪಿದ್ದರಿಂದಾಗಲಿ ಇದು ಬರುವುದಿಲ್ಲ. ಬಂದ ಮೇಲೆ ಜೀವಮಾನವಿಡೀ, ದಿನಕ್ಕೆ ಮೂರು ನಾಲ್ಕು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳದೆ ಬದುಕುವಂತಿಲ್ಲ.

ಇಂಥ ಮಕ್ಕಳು ಬೆರಳೆಣಿಕೆಯವರಲ್ಲ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ 2021ರಲ್ಲಿ ಮಾಡಿದ ಅಂದಾಜಿನಂತೆ ಭಾರತದಲ್ಲಿ ಇಪ್ಪತ್ತು ವರ್ಷದೊಳಗಿನ ಸುಮಾರು 2.29 ಲಕ್ಷ ಮಂದಿಗೆ ಈ ಕಾಯಿಲೆಯಿತ್ತು. ಬೇರೆ ಯಾವ ದೇಶದಲ್ಲೂ ಇಷ್ಟು ಮಂದಿ ಇರಲಿಲ್ಲ. ಇವರ ಚಿಕಿತ್ಸೆಯ ಕಥೆ ಹೇಳುವಾಗ ಇನ್ಸುಲಿನ್ನಿನ ಶೋಧವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಆ ಮದ್ದಿನ ಜೊತೆಗೆ ಇನ್ನೊಂದು ಮದ್ದೂ ಬೇಕೆಂದು ವೈದ್ಯಲೋಕ ನಿಧಾನವಾಗಿ ಕಲಿತುಕೊಂಡಿತು. ಅದು ತಿಳಿವಳಿಕೆ ಮತ್ತು ಸಂಗಾತ. ಆ ಕಲಿಕೆಗೂ ಒಂದು ಇತಿಹಾಸವಿದೆ.

ಹಸಿವಿನಿಂದ ಇನ್ಸುಲಿನ್‌ವರೆಗೆ

ನಮ್ಮ ಪ್ರಾಚೀನ ವೈದ್ಯರು ಈ ವ್ಯತ್ಯಾಸವನ್ನು ಕಂಡಿದ್ದರು. ಸುಶ್ರುತ ಸಂಹಿತೆ ಪ್ರಮೇಹವನ್ನು ಎರಡಾಗಿ ಹೇಳುತ್ತದೆ: ಹುಟ್ಟಿನೊಂದಿಗೆ ಬರುವ 'ಸಹಜ', ಆಹಾರ ವಿಹಾರಗಳ ದೋಷದಿಂದ ಬರುವ 'ಅಪಥ್ಯನಿಮಿತ್ತ'. ಮೊದಲನೆಯವನು ಕೃಶ, ಎರಡನೆಯವನು ಸ್ಥೂಲ. ಗುರುತಿಸಿದ್ದೇನೋ ನಿಜ, ಕೃಶನಾದವನನ್ನು ಉಳಿಸುವ ಉಪಾಯ ಮಾತ್ರ ಜಗತ್ತಿನ ಯಾವ ವೈದ್ಯಪದ್ಧತಿಯಲ್ಲೂ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ಫ್ರೆಡರಿಕ್ ಆಲೆನ್ ಎಂಬ ವೈದ್ಯರು ಕಂಡುಕೊಂಡ ದಾರಿ ಉಪವಾಸದ್ದು. ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆಯೂ ಕಡಿಮೆಯಾಗುತ್ತದೆ, ಸಾವು ಸ್ವಲ್ಪ ಕಾಲ ಮುಂದೆ ಹೋಗುತ್ತದೆ. ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್‌ಗೆ 1919ರಲ್ಲಿ ಕಾಯಿಲೆ ಪತ್ತೆಯಾದಾಗ ವಯಸ್ಸು ಹನ್ನೊಂದು. ಮೂರು ವರ್ಷಗಳ ಅರೆಹೊಟ್ಟೆಯ ನಂತರ, ಇನ್ನೇನು ಹದಿನೈದು ತುಂಬುವ ಹೊತ್ತಿಗೆ ಅವಳ ತೂಕ ಸುಮಾರು 20 ಕಿಲೋ.

ಆ ವೇಳೆಗೆ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮತ್ತು ಮೆಕ್ಲಿಯಾಡ್ ಅವರ ತಂಡ ಇನ್ಸುಲಿನ್ನನ್ನು ಬೇರ್ಪಡಿಸಿತ್ತು. 1922ರ ಜನವರಿ 11ರಂದು ಅದನ್ನು ಮೊದಲ ಬಾರಿಗೆ ಪಡೆದವನು ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್. ಮದ್ದು ಶುದ್ಧವಾಗಿರಲಿಲ್ಲವಾದ್ದರಿಂದ ಫಲ ಸಿಗಲಿಲ್ಲ. ಕಾಲಿಪ್ ಅದನ್ನು ಶುದ್ಧೀಕರಿಸಿದ ಮೇಲೆ ಜನವರಿ 23ರಿಂದ ಕೊಟ್ಟ ಚುಚ್ಚುಮದ್ದು ಹುಡುಗನನ್ನು ಉಳಿಸಿತು. ಅದೇ ವರ್ಷ ಆಗಸ್ಟಿನಲ್ಲಿ ಎಲಿಜಬೆತ್ ಕೂಡ ಟೊರಾಂಟೊಗೆ ಬಂದಳು, ಚೇತರಿಸಿಕೊಂಡಳು, ಮತ್ತೆ ಹೊಟ್ಟೆ ತುಂಬ ಊಟ ಮಾಡುತ್ತಿರುವ ಸಂಭ್ರಮವನ್ನು ತಾಯಿಗೆ ಪತ್ರಗಳಲ್ಲಿ ಬರೆದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ಸುಖಾಂತ್ಯ ಎನ್ನಬಹುದಿತ್ತು. ಎಲಿಜಬೆತ್ ಓದಿದಳು, ಮದುವೆಯಾದಳು, ಮಕ್ಕಳನ್ನು ಪಡೆದಳು, 1981ರಲ್ಲಿ ತನ್ನ 73ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ವರ್ಷವೂ ತನಗೆ ಮಧುಮೇಹವಿದೆ ಎಂಬುದನ್ನು ಅವಳು ಹೊರಗಿನವರಿಂದ ಮುಚ್ಚಿಟ್ಟಳು. ಜೀವ ಉಳಿಸಿದ ಮದ್ದಿಗೆ ಆ ಗುಟ್ಟಿನ ಭಾರವನ್ನು ಇಳಿಸಲು ಆಗಲಿಲ್ಲ. ನಮ್ಮಲ್ಲಿ 'ಹುಡುಗಿಗೆ ಸಕ್ಕರೆ ಇದೆಯೆಂದು ಯಾರಿಗೂ ಹೇಳಬೇಡಿ, ನಾಳೆ ಸಂಬಂಧ ಕೂಡಿ ಬರಲಿಕ್ಕಿಲ್ಲ' ಎನ್ನುವ ಮನೆಗಳಿಗೂ ದೊಡ್ಡ ಸಚಿವರ ಮನೆಗೂ ಈ ವಿಷಯದಲ್ಲಿ ಹೆಚ್ಚು ಅಂತರವಿರಲಿಲ್ಲ.

ರೋಗಿಯೇ ಕಲಿಯಬೇಕು

ಗುಟ್ಟು ಮಾಡುವುದರ ಬದಲು ಕಲಿಸಬೇಕು ಎಂದವರಲ್ಲಿ ಅಮೆರಿಕದ ಬೋಸ್ಟನ್ ನಗರದ ಎಲಿಯಟ್ ಜಾಸ್ಲಿನ್ ಮುಖ್ಯರು. ಇನ್ಸುಲಿನ್ ಬರುವ ಮೊದಲೇ, 1918ರಲ್ಲಿ, ಅವರು ವೈದ್ಯರೂ ರೋಗಿಗಳೂ ಓದಬಹುದಾದ ಕೈಪಿಡಿಯೊಂದನ್ನು ಪ್ರಕಟಿಸಿದ್ದರು. ಕಾರಣ ಸರಳವಾದದ್ದು. ಬೇರೆ ಕಾಯಿಲೆಗಳಲ್ಲಿ ವೈದ್ಯ ಮದ್ದಿನ ಪ್ರಮಾಣ ಬರೆದುಕೊಟ್ಟರೆ ಸಾಕು. ಇಲ್ಲಿ ಪ್ರತಿ ಊಟಕ್ಕೂ, ಪ್ರತಿ ಆಟಕ್ಕೂ, ಪ್ರತಿ ಜ್ವರಕ್ಕೂ ಲೆಕ್ಕ ಬದಲಾಗುತ್ತದೆ. ಇನ್ಸುಲಿನ್ ಹೆಚ್ಚಾದರೆ ಸಕ್ಕರೆ ಕುಸಿದು ಮೈ ನಡುಗಿ ಪ್ರಜ್ಞೆ ತಪ್ಪಬಹುದು. ಕಡಿಮೆಯಾದರೆ ರಕ್ತದಲ್ಲಿ ಆಮ್ಲ ಸೇರಿ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಈ ಲೆಕ್ಕವನ್ನು ದಿನವೂ ಮಾಡಬೇಕಾದವನು ವೈದ್ಯನಲ್ಲ, ರೋಗಿ.

ಸಂಗಾತದ ವ್ಯವಸ್ಥೆಯೂ ಇದೇ ಕಾಲದಲ್ಲಿ ಹುಟ್ಟಿತು. 1925ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಡಾ. ಲಿಯೊನಾರ್ಡ್ ವೆಂಟ್ ಮಧುಮೇಹವಿರುವ ಮಕ್ಕಳಿಗಾಗಿ ಬೇಸಿಗೆ ಶಿಬಿರ ನಡೆಸಿದರು. ಎಲ್ಲರೂ ಸೂಜಿ ಚುಚ್ಚಿಕೊಳ್ಳುವ ಜಾಗದಲ್ಲಿ ಯಾರಿಗೂ ನಾಚಿಕೆಯಿರಲಿಲ್ಲ. ಇಂಗ್ಲೆಂಡಿನಲ್ಲಿ 1934ರಲ್ಲಿ ಡಾ. ಆರ್. ಡಿ. ಲಾರೆನ್ಸ್ ಮತ್ತು ಪ್ರಸಿದ್ಧ ಲೇಖಕ ಎಚ್. ಜಿ. ವೆಲ್ಸ್ ಸೇರಿ ಮಧುಮೇಹಿಗಳ ಸಂಘವನ್ನು ಸ್ಥಾಪಿಸಿದರು. ಇಬ್ಬರೂ ಸ್ವತಃ ಮಧುಮೇಹಿಗಳು. ಸಾವನ್ನು ಎದುರು ನೋಡುತ್ತ ಇಟಲಿಗೆ ಹೋಗಿದ್ದ ಲಾರೆನ್ಸ್, 1923ರಲ್ಲಿ ಇನ್ಸುಲಿನ್ ಬಂದಿದೆಯೆಂಬ ಸುದ್ದಿ ತಿಳಿದು ಲಂಡನ್ನಿಗೆ ಮರಳಿ ಬದುಕಿಕೊಂಡವರು.

ಕಲಿಕೆ ಮತ್ತು ಸಂಪರ್ಕಗಳ ಬೆಲೆ ಅಂಕಿ ಅಂಶಗಳಲ್ಲಿ ಸಾಬೀತಾದದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾಗಳಲ್ಲಿ 13ರಿಂದ 39 ವರ್ಷದ 1,441 ಮಂದಿಯ ಮೇಲೆ ಹತ್ತು ವರ್ಷ ನಡೆದ ಅಧ್ಯಯನದ ಫಲಿತಾಂಶ ಆ ವರ್ಷ ಹೊರಬಂತು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣಿನ ತೊಂದರೆ ಹೊಸದಾಗಿ ಹುಟ್ಟುವ ಸಂಭವ ಶೇಕಡಾ 76ರಷ್ಟು ಕಡಿಮೆಯಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ ಈ ಗುಂಪಿನವರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುತ್ತಿದ್ದರು, ನಡುವೆ ಆಗಾಗ ದೂರವಾಣಿಯಲ್ಲಿ ಸಲಹೆ ಪಡೆಯುತ್ತಿದ್ದರು. ಇಂದಿನ ಆನ್‌ಲೈನ್ ಶಿಕ್ಷಣದ ಮೂಲ ಆ ದೂರವಾಣಿಯಲ್ಲಿದೆ ಎಂದರೆ ತಪ್ಪಾಗಲಾರದು.

ಅದೇ ಅಧ್ಯಯನ ಇನ್ನೊಂದು ಸತ್ಯವನ್ನೂ ತೋರಿಸಿತು. ಅಷ್ಟೇ ಆರೈಕೆ ದೊರೆತರೂ ಹದಿಹರೆಯದವರ ಸಕ್ಕರೆ ವಯಸ್ಕರಷ್ಟು ಹತೋಟಿಗೆ ಬರಲಿಲ್ಲ. ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್ನಿನ ಶಕ್ತಿಯನ್ನು ಕುಗ್ಗಿಸುವುದು ಇದಕ್ಕೆ ಒಂದು ಕಾರಣ. 'ನೀನು ಕದ್ದು ಏನೋ ತಿಂದಿರಬೇಕು' ಎಂದು ಗದರುವ ಮೊದಲು ತಂದೆ ತಾಯಂದಿರು ತಿಳಿದಿರಬೇಕಾದ ಮಾತಿದು.

ಮಂಗಳೂರಿನ ದಾರಿ

ಮಂಗಳೂರಿಗೆ ಆಸ್ಪತ್ರೆಗಳ ಕೊರತೆ ಎಂದೂ ಕಾಡಿದ್ದಿಲ್ಲ. 1848ರಷ್ಟು ಹಳೆಯದಾದ ವೆನ್‌ಲಾಕ್ ಆಸ್ಪತ್ರೆ, 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಆರಂಭಿಸಿದ ಔಷಧಾಲಯದಿಂದ ಬೆಳೆದ ದೊಡ್ಡ ಆಸ್ಪತ್ರೆ, 1950ರ ದಶಕದಲ್ಲಿ ಬಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಅನಂತರ ಒಂದಾದ ಮೇಲೊಂದರಂತೆ ತೆರೆದ ಖಾಸಗಿ ಕಾಲೇಜುಗಳು. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡ, ಕಾಸರಗೋಡುಗಳಿಂದಲೂ ರೋಗಿಗಳು ಇಲ್ಲಿಗೇ ಬರುತ್ತಾರೆ. ಆದರೆ ಟೈಪ್ 1 ಮಧುಮೇಹವಿರುವ ಮಗು ಆಸ್ಪತ್ರೆಯಲ್ಲಿರುವುದು ವರ್ಷಕ್ಕೆ ಕೆಲವು ಗಂಟೆ ಮಾತ್ರ. ಉಳಿದ ಕಾಲವೆಲ್ಲ ಮನೆಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ. ಸುಳ್ಯದ ಒಳಗಿನ ಹಳ್ಳಿಯ ಹುಡುಗನಿಗೆ ತನ್ನಂಥ ಇನ್ನೊಬ್ಬ ಹುಡುಗನನ್ನು ನೋಡುವ ಅವಕಾಶವೇ ಇರಲಿಕ್ಕಿಲ್ಲ.

ಈ ದೂರವನ್ನು ತಂತ್ರಜ್ಞಾನದಿಂದ ದಾಟುವ ಪ್ರಯತ್ನಗಳು ಕರ್ನಾಟಕಕ್ಕೆ ಹೊಸತಲ್ಲ. 2002ರಲ್ಲಿ ಇಸ್ರೊ ಸಂಸ್ಥೆ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರ ಮತ್ತು ಸರಗೂರಿನ ಆಸ್ಪತ್ರೆಗಳೊಂದಿಗೆ ಜೋಡಿಸಿತು. ಮಂಗಳೂರಿನಲ್ಲಿ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ಅಲ್ಲಿನ ವೈದ್ಯರನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸೇರಿಸಿ ಸಲಹೆ ನೀಡುವ ವ್ಯವಸ್ಥೆ ಮಾಡಿದರು. ಎದೆನೋವಿಗೆ ಸಾಧ್ಯವಾದದ್ದು ಮಧುಮೇಹಕ್ಕೂ ಸಾಧ್ಯ.

ಅದು ಕೇವಲ ಅನುಕೂಲವಲ್ಲ, ಅಗತ್ಯ ಎಂಬುದು ಎಲ್ಲರಿಗೂ ತಿಳಿದದ್ದು 2020ರ ಮಾರ್ಚಿನಲ್ಲಿ. ಕೊರೊನಾ ಲಾಕ್‌ಡೌನ್ ಆರಂಭವಾದಾಗ ತಲಪಾಡಿಯಲ್ಲಿ ಕರ್ನಾಟಕ ಮತ್ತು ಕೇರಳಗಳ ಗಡಿ ಮುಚ್ಚಿತು. ಮಂಜೇಶ್ವರ, ಉಪ್ಪಳ, ಕುಂಬಳೆಗಳ ಜನರಿಗೆ ಮಂಗಳೂರಿನ ಆಸ್ಪತ್ರೆ ಕಣ್ಣಳತೆಯಲ್ಲಿದ್ದೂ ಕೈಗೆಟುಕದಂತಾಯಿತು. ಗಡಿ ದಾಟಲಾಗದೆ ರೋಗಿಗಳು ತೀರಿಕೊಂಡ ವರದಿಗಳು ಬಂದವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ದಾರಿ ತೆರೆಯಿತು. ಅದೇ ಮಾರ್ಚ್ 25ರಂದು ಕೇಂದ್ರ ಸರಕಾರ ದೂರವೈದ್ಯಕೀಯದ ಮಾರ್ಗಸೂಚಿಗಳನ್ನು ಪ್ರಕಟಿಸಿ, ದೂರವಾಣಿ ಮತ್ತು ವಿಡಿಯೋ ಮೂಲಕ ಸಲಹೆ ನೀಡುವುದಕ್ಕೆ ಸ್ಪಷ್ಟ ನಿಯಮಗಳನ್ನು ಕೊಟ್ಟಿತ್ತು. ಮಗು ಬರೆದಿಟ್ಟ ಸಕ್ಕರೆಯ ಅಂಕಿಗಳನ್ನು ಮೊಬೈಲಿನಲ್ಲಿ ಕಳಿಸುವುದು, ವೈದ್ಯರು ಇನ್ಸುಲಿನ್ ಪ್ರಮಾಣ ತಿದ್ದುವುದು, ಪಥ್ಯ ತಜ್ಞರು ವಿಡಿಯೋದಲ್ಲಿ ಪಾಠ ಹೇಳುವುದು ದೇಶದ ಹಲವೆಡೆ ರೂಢಿಯಾಯಿತು.

ಯಾವ ಭಾಷೆಯಲ್ಲಿ, ಯಾವ ಊಟದ ಲೆಕ್ಕದಲ್ಲಿ?

ಜಾಲದಲ್ಲಿ ಸಿಗುವ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನವು. ಅವು ಬ್ರೆಡ್ಡಿನ ತುಂಡಿನಲ್ಲಿ, ಸೇಬಿನಲ್ಲಿ ಪಿಷ್ಟದ ಲೆಕ್ಕ ಹೇಳುತ್ತವೆ. ನಮ್ಮ ಹುಡುಗಿಗೆ ಬೇಕಾದದ್ದು ಎರಡು ನೀರುದೋಸೆಗೆ ಎಷ್ಟು ಇನ್ಸುಲಿನ್, ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿಗೆ ಎಷ್ಟು, ಸಂಜೆ ಗೆಳತಿಯರೊಂದಿಗೆ ಬನ್ಸ್ ತಿಂದರೆ ಏನು ಮಾಡಬೇಕು ಎಂಬ ಮಾಹಿತಿ. ಮೊಂತಿ ಫೆಸ್ತ್‌ನ ಹೊಸ ಅಕ್ಕಿಯ ಊಟಕ್ಕೂ, ರಮ್ಜಾನಿನ ಉಪವಾಸಕ್ಕೂ, ಅಷ್ಟಮಿಯ ಕಡುಬಿಗೂ ಬೇರೆ ಬೇರೆ ಉತ್ತರ ಬೇಕು. ಫ್ರಿಜ್ ಇಲ್ಲದ ಮನೆಯವರಿಗೆ ಮಣ್ಣಿನ ಮಡಕೆಯಲ್ಲಿ ಇನ್ಸುಲಿನ್ ಇಡಿ ಎಂದು ಹೇಳುವುದುಂಟು; ಆದರೆ ಗಾಳಿಯಲ್ಲಿ ತೇವ ಹೆಚ್ಚಿರುವ ಕರಾವಳಿಯಲ್ಲಿ ಮಡಕೆ ಬಯಲುಸೀಮೆಯಷ್ಟು ತಂಪಾಗುವುದಿಲ್ಲ ಎಂಬುದನ್ನು ಇಲ್ಲಿನವರೇ ಹೇಳಿಕೊಡಬೇಕು.

ಭಾಷೆಯ ಪ್ರಶ್ನೆಯೂ ಹಾಗೆಯೇ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು ಈ ಊರಿನಿಂದ. ಲೋಕದ ತಿಳಿವಳಿಕೆಯನ್ನು ಊರಿನ ಮಾತಿಗೆ ತರುವ ಕೆಲಸ ಇಲ್ಲಿಗೆ ಹೊಸತಲ್ಲ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡಗಳು ಒಂದೇ ಬಸ್ಸಿನಲ್ಲಿ ಕೇಳಿಬರುವ ಊರಿನಲ್ಲಿ, ಹೆದರಿದ ಮಗು ತನ್ನ ಅಮ್ಮನ ಭಾಷೆಯಲ್ಲೇ ಅಳುತ್ತದೆ. ಸಮಾಧಾನವೂ ಅದೇ ಭಾಷೆಯಲ್ಲಿ ಸಿಗಬೇಕು.

ನೆರೆಯ ಕೇರಳದಲ್ಲಿ ಸರಕಾರವೇ 'ಮಿಠಾಯಿ' ಎಂಬ ಯೋಜನೆಯಡಿ ಇಂಥ ಮಕ್ಕಳಿಗೆ ಇನ್ಸುಲಿನ್ ಮತ್ತು ಸಕ್ಕರೆ ಅಳೆಯುವ ಸಾಧನಗಳ ಜೊತೆಗೆ ಆಪ್ತ ಸಮಾಲೋಚನೆಯನ್ನೂ ಸೇರಿಸಿದೆ. ಮದ್ದು ಮತ್ತು ಮಾತು ಎರಡನ್ನೂ ಒಂದೇ ಯೋಜನೆಯಲ್ಲಿ ಇಟ್ಟಿರುವುದು ಮೆಚ್ಚತಕ್ಕದ್ದು. ಮನಸ್ಸು ಕುಗ್ಗಿದವರಿಗಾಗಿ 2022ರ ಅಕ್ಟೋಬರಿನಿಂದ 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸೇವೆ ಇದೆ, ಕನ್ನಡದಲ್ಲೂ ಮಾತನಾಡಬಹುದು.

ಆನ್‌ಲೈನ್ ದಾರಿಯಲ್ಲಿ ಮುಳ್ಳುಗಳೂ ಇವೆ. ಒಂದು ಎಲೆಯ ರಸ ಕುಡಿದರೆ ಇನ್ಸುಲಿನ್ ಬಿಡಬಹುದು ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಓಡುತ್ತದೆ. ಟೈಪ್ 1 ಇರುವ ಮಗು ಅದನ್ನು ನಂಬಿದರೆ ಪರಿಣಾಮ ಸಾವು. ಇದರಲ್ಲಿ ಎರಡು ಮಾತಿಲ್ಲ. ಆದ್ದರಿಂದ ಇಂಥ ಗುಂಪುಗಳಲ್ಲಿ ಬಲ್ಲ ವೈದ್ಯರೋ ತರಬೇತಿ ಪಡೆದ ದಾದಿಯರೋ ಇರಲೇಬೇಕು. ಹಾಗೆಯೇ ಪರದೆಯ ಆಚೆಗಿನ ಗೆಳೆಯ ಎಷ್ಟೇ ಒಳ್ಳೆಯವನಾದರೂ, ಸಕ್ಕರೆ ಕುಸಿದಾಗ ಬಾಯಿಗೆ ಒಂದು ಚಮಚ ಗ್ಲೂಕೋಸ್ ಹಾಕಲು ಪಕ್ಕದಲ್ಲೇ ಒಬ್ಬರು ಇರಬೇಕು.

ಆ ಒಬ್ಬರು ಹೆಚ್ಚಿನ ವೇಳೆ ಶಾಲೆಯ ಶಿಕ್ಷಕರೋ ಸಹಪಾಠಿಯೋ ಆಗಿರುತ್ತಾರೆ. ಸಿಬಿಎಸ್‌ಇ 2017ರಲ್ಲಿ ಮಧುಮೇಹವಿರುವ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿಂಡಿ ಒಯ್ಯಲು ಒಪ್ಪಿಗೆ ಕೊಟ್ಟಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ತರಗತಿಯಲ್ಲಿ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ಚುಚ್ಚಿಕೊಳ್ಳಲು, ನಡುವೆ ತಿನ್ನಲು ಬಿಡಬೇಕೆಂದು ರಾಜ್ಯಗಳಿಗೆ ಬರೆಯಿತು. ಆದೇಶ ಕಾಗದದಲ್ಲಿದ್ದರೆ ಸಾಲದು. ಮಗುವಿಗೆ ಶೌಚಾಲಯದ ಬಾಗಿಲು ಹಾಕಿಕೊಂಡು ಗುಟ್ಟಾಗಿ ಚುಚ್ಚಿಕೊಳ್ಳುವ ಸ್ಥಿತಿ ಬಂದರೆ, ಒಂದು ದಿನ ಅದು ಚುಚ್ಚಿಕೊಳ್ಳುವುದನ್ನೇ ಬಿಟ್ಟೀತು.

ಎಲಿಜಬೆತ್ ಹ್ಯೂಸ್‌ಗೆ ಇದ್ದದ್ದು ತಾಯಿಗೆ ಬರೆದ ಪತ್ರಗಳು ಮಾತ್ರ. ನಮ್ಮ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಇನ್ಸುಲಿನ್ ಬಂದು ನೂರು ವರ್ಷ ದಾಟಿದ ಮೇಲೆ ಉಳಿದಿರುವ ಕೆಲಸ, ಅದರಲ್ಲಿ ಅವರ ಭಾಷೆಯಲ್ಲಿ ಉತ್ತರ ಕೊಡುವ ಒಬ್ಬರನ್ನು, ತರಗತಿಯಲ್ಲಿ ಅವರ ಗುಟ್ಟನ್ನು ಗುಟ್ಟಾಗಿ ಉಳಿಸದ ಒಬ್ಬ ಶಿಕ್ಷಕರನ್ನು ಒದಗಿಸುವುದು. ಇದಕ್ಕೆ ದೊಡ್ಡ ಶೋಧವೇನೂ ಬೇಕಾಗಿಲ್ಲ.