ಫಾರಂನ ಒಂದು ಕಾಲಂ, ನೂರು ವರ್ಷದ ಕಥೆ

ಆನ್‌ಲೈನ್ ಫಾರಂ ತುಂಬುವಾಗ ನಮ್ಮ ಐವರ್ನಾಡು ಕಡೆಯ ದಲಿತರಿಗೆ ತೊಡಕಾಗೋದು ನೆಟ್‌ವರ್ಕ್ ಒಂದೇ ಅಲ್ಲ, ಜಾತಿ ಕಾಲಂ ಕೂಡ. ಅದರ ಬೇರು ಹಳೆಯದು.

ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸರ್ಕಾರಿ ಕಾಗದದಲ್ಲಿ ನಮ್ಮವರು 'ಪಂಚಮ'ರು. 1922ರಲ್ಲಿ ಎಂ.ಸಿ. ರಾಜಾ ಮದ್ರಾಸ್ ಶಾಸನಸಭೆಯಲ್ಲಿ ನಿರ್ಣಯ ಮಂಡಿಸಿ ಆ ಅವಮಾನದ ಹೆಸರು ತೆಗೆಸಿದರು, 'ಆದಿ ದ್ರಾವಿಡ' ಬಂತು. ಅದು ಗೆಲುವೇ. ಆದರೆ ಒಂದೇ ಹೆಸರಿನಡಿ ಹಲವು ಜಾತಿಗಳು ಸೇರಿಹೋದವು.

2025ರಲ್ಲಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಮೊಬೈಲ್ ಆ್ಯಪ್ ಹಿಡಿದು ಮನೆಗೆ ಬಂತು. ಆದಿ ದ್ರಾವಿಡ ಸರಿ, ಮೂಲ ಜಾತಿ ಯಾವುದು? ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋದು 101 ಹೆಸರು. ಅಜ್ಜನ ಕಾಲದಿಂದ ಸರ್ಟಿಫಿಕೇಟಿನಲ್ಲಿ ಒಂದೇ ಹೆಸರು ಕಂಡವರು ಯಾವುದನ್ನು ಒತ್ತಬೇಕು? ಒಳಮೀಸಲಾತಿಯ ಪಾಲು ನಿಂತದ್ದು ಆ ಉತ್ತರದ ಮೇಲೆ. ಲಕ್ಷಾಂತರ ಜನ ಮೂಲ ಜಾತಿ ಹೇಳದೆ ಉಳಿದರು.

ಕಚೇರಿಯಲ್ಲಿ ದಿನಾ ಅರ್ಜಿ ನೋಡುವ ನಾನು ಕೇಳೋದಿಷ್ಟೆ: ಪ್ರಶ್ನೆ ಯಾಕೆ ಅಂತ ಅದರ ಪಕ್ಕದಲ್ಲೇ ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ಪಟ್ಟಿಯಲ್ಲಿ ಹೆಸರು ಸಿಗದವರಿಗೆ ಖಾಲಿ ಜಾಗ ಬಿಡಿ. ತಪ್ಪು ಒತ್ತಿದರೆ ತಿದ್ದಲು ಬಿಡಿ. ನಮ್ಮ ಹೆಸರನ್ನು ನಾವೇ ಬರೆಯುವ ಹಕ್ಕು 1922ರಲ್ಲೇ ಕೇಳಿದ್ದು.

ಜೈ ಭೀಮ್.