ಅತ್ತೆಯ ಸೌಟೂ ತುಕ್ಕು ಹಿಡಿಯದ ಸ್ಟೀಲಿನ ಕತೆಯೂ

ಮೊನ್ನೆ ಅಟ್ಟ ಗುಡಿಸುವಾಗ ಹಿಡಿ ಇಲ್ಲದ ಸ್ಟೀಲ್ ಸೌಟೊಂದು ಸಿಕ್ತು. ಉಪ್ಪುಸೊಳೆ ಭರಣಿಗೆ ಹಾಕ್ತಿದ್ದದ್ದು ಅದೇ. ಹಿಡಿ ಮುರಿದಾಗ ಅತ್ತೆ ಪೇಟೆಯಲ್ಲಿ ಬೆಳ್ಳಿ ಬೆಸುಗೆ ಹಾಕಿಸಿ ತಂದಿದ್ರು. ಎರಡು ಮಳೆಗಾಲ ಕಳೆಯುವುದರೊಳಗೆ ಅದು ಮತ್ತೆ ಕಳಚಿ ಭರಣಿಯೊಳಗೇ ಬಿತ್ತು. "ಉಪ್ಪುನೀರಲ್ಲೇ ಬಿಟ್ಟಿದ್ದೆ, ತೊಳೂಕೆ ಉದಾಸೀನ ನಿಂಗೆ" ಅಂದ್ರು. ಹೊಸ ಸೊಸೆ ನಾನು, ಸುಮ್ಮನಿದ್ದೆ. ಬಿಟ್ಟದ್ದು ಹೌದು. ಆದ್ರೆ ಸ್ಟೀಲಿಗೆ ತುಕ್ಕು ಹಿಡಿಯೂದೆಂತಕ್ಕೆ?

ಈ ಸ್ಟೀಲಿನ ಕತೆ ಇಂಗ್ಲೆಂಡಿನ ಶೆಫೀಲ್ಡಿನದ್ದು. ಬಂದೂಕಿನ ನಳಿಗೆ ಬೇಗ ಸವೆಯದ ಹಾಗೆ ಮಾಡ್ಲಿಕ್ಕೆ ಹೊರಟ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಸುಮಾರು 12.8 ಶೇಕಡಾ ಕ್ರೋಮಿಯಂ ಸೇರಿಸಿ ಉಕ್ಕು ಎರಕ ಹೊಯ್ಸಿದ. ಅಲ್ಲಿಯವರೆಗೆ ಅಲ್ಲಿನ ಅಡುಗೆಮನೆಯ ಚೂರಿ ಹುಳಿ ತಾಗಿದ್ರೆ ಕಪ್ಪು. ಉಜ್ಜಿ ಉಜ್ಜಿ ಕೈ ಸವೆಯಬೇಕು. ಚೂರಿ ತಯಾರಿಸುವ ಅರ್ನೆಸ್ಟ್ ಸ್ಟುವರ್ಟ್ ವಿನೆಗರ್ ಹಾಕಿ ನೋಡಿ "ಸ್ಟೇನ್‌ಲೆಸ್" ಅಂತ ಹೆಸರಿಟ್ಟ. ಜರ್ಮನಿಯ ಕ್ರುಪ್ ಕಂಪನಿಯಲ್ಲಿ 1912ರಲ್ಲೇ ನಿಕ್ಕಲ್ ಕೂಡ ಸೇರಿಸಿದ ಉಕ್ಕಿಗೆ ಪೇಟೆಂಟ್ ಹಾಕಿದ್ರು. ನಮ್ಮ ಒಳ್ಳೆ ಪಾತ್ರೆಗಳು ಆ ವಂಶದವು.

ಹೆಸರು ಕೇಳಿ ನಾವು ಮೋಸ ಹೋದದ್ದು, ಕಾಣಿ. ಕ್ರೋಮಿಯಂ ಗಾಳಿಯೊಟ್ಟಿಗೆ ಸೇರಿ ಮೇಲೊಂದು ಕಣ್ಣಿಗೆ ಕಾಣದ ಪೊರೆ ಕಟ್ತದೆ, ಕಾಯುವುದು ಅದೇ. ಗೀರಿದ್ರೂ ಮತ್ತೆ ಕಟ್ತದೆ. ಉಪ್ಪಿನ ಕ್ಲೋರೈಡ್ ಆ ಪೊರೆ ಒಡೀತದೆ. ಗಾಳಿ ಹೋಗದ ಸಂದಿಯಲ್ಲಿ ಅದು ಮತ್ತೆ ಕಟ್ಟುವುದಿಲ್ಲ. ಬೆಳ್ಳಿ, ತಾಮ್ರ, ಸತು ಕರಗಿಸಿದ ಬೆಸುಗೆ ಬೇರೆ ಲೋಹ. ಎರಡರ ನಡುವೆ ಉಪ್ಪುನೀರು ನಿಂತ್ರೆ ಸಣ್ಣದೊಂದು ಬ್ಯಾಟರಿಯೇ ಆಯ್ತು! ಬೆಸುಗೆ ಗಟ್ಟಿಯಾಗಿಯೇ ಉಳಿದು, ಅದಕ್ಕೆ ತಾಗಿದ ಉಕ್ಕಿನ ತೆಳು ಗೆರೆ ಒಳಗೊಳಗೇ ತಿಂದುಹೋಗ್ತದೆ. ಕಡೆಗೆ ಸಿಪ್ಪೆ ಸುಲಿದ ಹಾಗೆ ಜೋಡಣೆ ಬಿಟ್ಟುಕೊಳ್ತದೆ. ಬ್ರಿಯರ್ಲಿಯ ಉಕ್ಕಿನ ಹಾಗೆ ನಿಕ್ಕಲ್ ಇಲ್ಲದ್ದಕ್ಕೆ ಇದು ಜಾಸ್ತಿ. ನಿಕ್ಕಲ್ ಇರುವ ಬೆಸುಗೆ ಹಾಕಿದ್ರೆ ತಡೆದುಕೊಳ್ತದೆ. ಸ್ಟೀಲಿಗೆ ಸ್ಟೀಲೇ ವೆಲ್ಡಿಂಗ್ ಮಾಡಿದ್ರೆ ಇನ್ನೂ ಒಳ್ಳೇದು.

ಅಟ್ಟದ ಸೌಟಿಗೆ ಫ್ರಿಜ್ಜಿನ ಅಯಸ್ಕಾಂತ ಹಿಡಿದು ನೋಡಿದೆ, ಗಪ್ಪನೆ ಅಂಟಿತು. ಬೆಸುಗೆ ಕಳಚಿದ ಜಾಗದಲ್ಲಿ ಕೆಂಪು ಗೆರೆ ಈಗ್ಲೂ ಉಂಟು.

ಇಷ್ಟೂ ಅತ್ತೆಗೆ ಹೇಳಿದೆ. ಎಲೆ ಅಡಿಕೆ ಜಗಿಯುತ್ತಾ ಪೂರ್ತಿ ಕೇಳಿದ್ರು. "ಆದ್ರೂ ಉಪ್ಪುನೀರಲ್ಲಿ ಬಿಟ್ಟದ್ದು ಹೌದಲ್ದಾ?" ಅಂದ್ರು.