ಪಬ್ ಮುಚ್ಚುವ ಹೊತ್ತು, ಮದ್ಯ ಇಳಿಯುವ ಹೊತ್ತು: ಗಚ್ಚಿಬೌಲಿಯಲ್ಲಿ ದುಡಿಯುವವರ ಮನೆಯವರು ತಿಳಿದಿರಬೇಕಾದದ್ದು

ಹೈದರಾಬಾದ್ ನಗರದಲ್ಲಿ ಬಾರ್ ಮತ್ತು ಪಬ್‌ಗಳು ವಾರದ ದಿನಗಳಲ್ಲಿ ಮಧ್ಯರಾತ್ರಿ 12ರವರೆಗೆ, ಶುಕ್ರವಾರ ಮತ್ತು ಶನಿವಾರ ರಾತ್ರಿ 1 ಗಂಟೆಯವರೆಗೆ ತೆರೆದಿರಬಹುದು. ಐಟಿ ಕಂಪನಿಗಳು ತುಂಬಿರುವ ಗಚ್ಚಿಬೌಲಿ ಸುತ್ತಮುತ್ತ ವಾರದ ಕುಡಿತವೆಲ್ಲ ಈ ಎರಡು ರಾತ್ರಿಗಳಿಗೆ ಬಂದು ಸೇರುವುದು ಸಾಮಾನ್ಯ. ಬೀದರ್, ಕಲಬುರಗಿ, ರಾಯಚೂರಿನಿಂದ ಅಲ್ಲಿಗೆ ಕೆಲಸಕ್ಕೆ ಹೋದ ಮಕ್ಕಳು ಎಷ್ಟು ಕುಡಿಯುತ್ತಾರೆ, ಯಾವಾಗ ಕುಡಿಯುತ್ತಾರೆ ಎಂಬುದು ಊರಲ್ಲಿರುವ ಮನೆಯವರಿಗೆ ಗೊತ್ತಾಗುವುದು ಕಡಿಮೆ. ಹಬ್ಬಕ್ಕೆ ಮನೆಗೆ ಬಂದ ಮೂರನೇ ದಿನ ಕೈ ನಡುಗತೊಡಗಿದಾಗಲೋ, ಅಪಘಾತವಾಗಿ ಆಸ್ಪತ್ರೆ ಸೇರಿದಾಗಲೋ ವಿಷಯ ಹೊರಬರುತ್ತದೆ. ಈ ಲೇಖನ ಅಂಥ ಮನೆಯವರಿಗಾಗಿ, ಮತ್ತು ತಮ್ಮ ಕುಡಿತದ ಬಗ್ಗೆ ತಮಗೇ ಅನುಮಾನ ಬಂದಿರುವವರಿಗಾಗಿ.

ಸಮಯ ಹೇಗೆ ಬದಲಾಯಿತು?

ಮೂವತ್ತು ವರ್ಷಗಳ ಹಿಂದೆ ಇಲ್ಲಿ ಪಬ್ ಸಮಯದ ಪ್ರಶ್ನೆಯೇ ಇರಲಿಲ್ಲ. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಆರಂಭಿಸಿದ ಸಾರಾಯಿ ವಿರೋಧಿ ಹೋರಾಟದ ಫಲವಾಗಿ ಆಗಿನ ಆಂಧ್ರಪ್ರದೇಶ 1993ರಲ್ಲಿ ಸಾರಾಯಿಯನ್ನು ನಿಷೇಧಿಸಿತು. 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಪೂರ್ಣ ಪಾನನಿಷೇಧ ತಂದಿತು. ಅದು 1997ರವರೆಗೆ ನಡೆಯಿತು. ಮರುವರ್ಷವೇ ಗಚ್ಚಿಬೌಲಿಯ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಊರಾಚೆ ವಿಶ್ವವಿದ್ಯಾಲಯ ಮತ್ತು ಬಂಡೆಗಳಷ್ಟೇ ಇದ್ದಂತಿದ್ದ ಜಾಗದಲ್ಲಿ ಎರಡು ದಶಕಗಳಲ್ಲಿ ಲಕ್ಷಾಂತರ ಜನ ಹಗಲೂ ರಾತ್ರಿ ದುಡಿಯತೊಡಗಿದರು. ಅವರ ಹಿಂದೆಯೇ ಪಬ್‌ಗಳು, ಮೈಕ್ರೊಬ್ರೂವರಿಗಳು ಬಂದವು.

ಬೆಂಗಳೂರಿನ ಕಥೆಯೂ ಬಹಳ ಬೇರೆಯಲ್ಲ. ಅಲ್ಲಿ ರಾತ್ರಿ ಹನ್ನೊಂದೂವರೆಗೆ ಬಾಗಿಲು ಹಾಕಿಸುತ್ತಿದ್ದ ಕಾಲವಿತ್ತು. 2014ರಲ್ಲಿ ವಾರಾಂತ್ಯಕ್ಕೆ 1 ಗಂಟೆಯವರೆಗೆ ಅನುಮತಿ ಸಿಕ್ಕಿತು, 2016ರಲ್ಲಿ ಅದು ಎಲ್ಲ ದಿನಗಳಿಗೂ ವಿಸ್ತರಿಸಿತು. ಹೈದರಾಬಾದಿನಲ್ಲಿ ಮಧ್ಯೆ ಮಧ್ಯೆ ಬಿಗಿಯೂ ಆಗಿದೆ. 2022ರಲ್ಲಿ ತೆಲಂಗಾಣ ಹೈಕೋರ್ಟ್ ರಾತ್ರಿ 10ರ ನಂತರ ಪಬ್‌ಗಳ ಜೋರು ಸಂಗೀತಕ್ಕೆ ತಡೆ ಹಾಕಿತು. ನಿಂತದ್ದು ಸಂಗೀತ, ಗ್ಲಾಸ್ ಅಲ್ಲ.

ಪಬ್ ಎಂಬುದು ಕುಡಿತದ ಒಂದು ಭಾಗ ಮಾತ್ರ ಎಂಬುದನ್ನೂ ನೆನಪಿಡಬೇಕು. ಪಬ್‌ನಲ್ಲಿ ಬೆಲೆ ಹೆಚ್ಚು. ಹಾಗಾಗಿ ಹಲವರು ಪಿಜಿಯ ಕೋಣೆಯಲ್ಲೋ, ‘ವೈನ್ಸ್’ ಎಂದು ಕರೆಯುವ ಅಂಗಡಿಯ ಪರ್ಮಿಟ್ ರೂಮಿನಲ್ಲೋ ಒಂದಿಷ್ಟು ಕುಡಿದೇ ಹೊರಡುತ್ತಾರೆ. ಕೇಳಿದರೆ ‘ಪಬ್‌ನಲ್ಲಿ ಎರಡೇ ಬಿಯರ್’ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ತೆಲಂಗಾಣದಲ್ಲಿ 15 ವರ್ಷ ಮೀರಿದ ಪುರುಷರಲ್ಲಿ ನೂರಕ್ಕೆ ಸುಮಾರು 43 ಮಂದಿ ಮದ್ಯ ಸೇವಿಸುತ್ತಾರೆ. ಕರ್ನಾಟಕದಲ್ಲಿ ಈ ಪ್ರಮಾಣ ಅದರ ಅರ್ಧಕ್ಕಿಂತಲೂ ಕಡಿಮೆ. ಕುಡಿಯದವನೇ ಹೆಚ್ಚಾಗಿರುವ ವಾತಾವರಣದಿಂದ ಕುಡಿಯುವುದು ಮಾಮೂಲಾಗಿರುವ ವಾತಾವರಣಕ್ಕೆ 22ನೇ ವಯಸ್ಸಿನಲ್ಲಿ ಹೋಗಿ ಬೀಳುವುದು ಸಣ್ಣ ಬದಲಾವಣೆಯಲ್ಲ.

ಬಾಗಿಲು ಬೇಗ ಹಾಕಿದರೆ ಒಳ್ಳೆಯದೇ?

ಆಸ್ಟ್ರೇಲಿಯಾದಲ್ಲಿ ಮೊದಲ ಮಹಾಯುದ್ಧದ ಕಾಲದಿಂದ ಹಲವು ರಾಜ್ಯಗಳಲ್ಲಿ ಸಂಜೆ 6ಕ್ಕೇ ಬಾರ್ ಮುಚ್ಚಿಸುತ್ತಿದ್ದರು. ಕೆಲಸ ಮುಗಿಸಿ 5ಕ್ಕೆ ಬಂದವರು ಒಂದು ಗಂಟೆಯಲ್ಲಿ ಸಾಧ್ಯವಾದಷ್ಟನ್ನು ಗಟಗಟನೆ ಕುಡಿದು ಬೀದಿಗಿಳಿಯುತ್ತಿದ್ದರು. ನ್ಯೂ ಸೌತ್ ವೇಲ್ಸ್ ಈ ನಿಯಮವನ್ನು 1955ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ ‘ಲಾಸ್ಟ್ ಆರ್ಡರ್’ ಎಂದ ಕೂಡಲೇ ಮೇಜಿಗೆ ಒಮ್ಮೆಲೇ ಎರಡೆರಡು ಗ್ಲಾಸ್ ಬರುವುದೂ ಇದೇ ಗುಣ.

ಹಾಗೆಂದು ಬಾಗಿಲು ತೆರೆದೇ ಇಟ್ಟರೆ ಜನ ನಿಧಾನಕ್ಕೆ, ಹಿತಮಿತವಾಗಿ ಕುಡಿಯುತ್ತಾರೆ ಎಂಬ ವಾದವೂ ನಿಲ್ಲಲಿಲ್ಲ. ಇದೇ ನಂಬಿಕೆಯಿಂದ ಇಂಗ್ಲೆಂಡ್ 2005ರಲ್ಲಿ ಸಮಯವನ್ನು ಸಡಿಲಿಸಿತು. ಗಲಾಟೆಗಳು ಮಾಯವಾಗಲಿಲ್ಲ, ಒಂದಷ್ಟು ಮುಂಜಾನೆ 3ರ ಆಚೆಗೆ ಸರಿದವು. ನಾರ್ವೆಯ 18 ನಗರಗಳ ಅಧ್ಯಯನದಲ್ಲಿ ಒಂದು ಗಂಟೆ ಹೆಚ್ಚು ತೆರೆದಿಟ್ಟಲ್ಲಿ ಹಲ್ಲೆಗಳು ಸುಮಾರು ಶೇ 16ರಷ್ಟು ಹೆಚ್ಚಿದವು. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ನಗರದಲ್ಲಿ 2008ರಲ್ಲಿ ಬೆಳಗಿನ ಜಾವ 5ರ ಬದಲು ಮೂರು, ಮೂರೂವರೆಗೆ ಮುಚ್ಚಿಸಿದಾಗ ರಾತ್ರಿಯ ಹಲ್ಲೆಗಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ತಡರಾತ್ರಿಯ ಕೊನೆಯ ಗಂಟೆಗಳೇ ಹೆಚ್ಚು ಅಪಾಯಕಾರಿ ಎಂದು ಹೇಳಲು ಇಷ್ಟು ಸಾಕು ಎನಿಸುತ್ತದೆ.

ಗಚ್ಚಿಬೌಲಿಯ ಮಟ್ಟಿಗೆ ಇನ್ನೊಂದು ತೊಡಕಿದೆ. ಮೆಟ್ರೊ ರಾಯದುರ್ಗದವರೆಗೆ ಮಾತ್ರ ಇದೆ, ಪಬ್ ಮುಚ್ಚುವ ಹೊತ್ತಿಗೆ ಅದೂ ಇರುವುದಿಲ್ಲ. ಉಳಿಯುವುದು ಕ್ಯಾಬ್, ಇಲ್ಲವೇ ಸ್ವಂತ ಬೈಕು, ಕಾರು.

ದೇಹದ ಲೆಕ್ಕವೇ ಬೇರೆ

ಭಾರತದಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವನ್ನು ಒಂದು ಯೂನಿಟ್ ಎಂದು ಹಿಡಿಯುತ್ತಾರೆ. ವಿಸ್ಕಿ, ರಮ್, ಬ್ರಾಂದಿಯ 30 ಮಿಲಿ ಅಂದರೆ ಒಂದು ಯೂನಿಟ್. 60 ಮಿಲಿಯ ಪೆಗ್ ಎಂದರೆ ಎರಡು, ‘ಕ್ವಾರ್ಟರ್’ ಎಂದರೆ ಆರು. ಬಿಯರ್‌ನಲ್ಲೇ ಜನ ಮೋಸ ಹೋಗುವುದು. ಶೇ 5 ಮದ್ಯಸಾರವಿರುವ 650 ಮಿಲಿ ಬಾಟಲಿಯಲ್ಲಿ ಎರಡೂವರೆ ಯೂನಿಟ್ ಇದ್ದರೆ, ಶೇ 8ರ ‘ಸ್ಟ್ರಾಂಗ್’ ಬಾಟಲಿಯಲ್ಲಿ ನಾಲ್ಕು ಇರುತ್ತದೆ. ಎರಡು ಸ್ಟ್ರಾಂಗ್ ಬಿಯರ್ ಎಂದರೆ ನಾಲ್ಕು ದೊಡ್ಡ ಪೆಗ್ ವಿಸ್ಕಿಗೆ ಸಮ.

ಲಿವರ್ ಇದನ್ನು ಗಂಟೆಗೆ ಸರಿಸುಮಾರು ಒಂದು ಯೂನಿಟ್‌ನಂತೆ ಕರಗಿಸುತ್ತದೆ. ಕಾಫಿ, ನಿಂಬೆರಸ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ 10ಕ್ಕೆ ಆರಂಭಿಸಿ 1ರೊಳಗೆ ಆರು ದೊಡ್ಡ ಪೆಗ್ ಕುಡಿದವರ ರಕ್ತದಿಂದ ಮದ್ಯ ಪೂರ್ತಿ ಇಳಿಯಲು ಬೆಳಿಗ್ಗೆ 10 ಆಗಬಹುದು. ತೂಕ ಕಡಿಮೆ ಇರುವವರಿಗೆ ಮತ್ತು ಮಹಿಳೆಯರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. ನಿದ್ದೆ ಮಾಡಿ ಎದ್ದು, ಸ್ನಾನ ಮಾಡಿ, ಬೆಳಿಗ್ಗೆ 7ಕ್ಕೆ ಔಟರ್ ರಿಂಗ್ ರೋಡಿಗೆ ಕಾರು ಇಳಿಸುವವರು ಆಗಲೂ ಈ ಮಿತಿಯನ್ನು ಮೀರಿರಬಹುದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಕುಡಿದರೆ ಚೆನ್ನಾಗಿ ನಿದ್ದೆ ಬರುತ್ತದೆ ಎನ್ನುವುದು ಅರ್ಧ ಸತ್ಯ. ನಿದ್ದೆ ಬೇಗ ಹತ್ತುತ್ತದೆ, ಆದರೆ ರಾತ್ರಿಯ ಎರಡನೇ ಭಾಗ ಒಡೆಯುತ್ತದೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ‘ನಿದ್ದೆಗಾಗಿ’ ಕುಡಿಯುವ ಅಭ್ಯಾಸವನ್ನು ನಾನು ಹೆಚ್ಚು ಗಂಭೀರವಾಗಿ ನೋಡುತ್ತೇನೆ. ಅದು ವಾರಾಂತ್ಯದ ಕುಡಿತವಲ್ಲ, ದಿನವೂ ಬೇಕಾಗುವ ಔಷಧಿಯಂತಾಗಿ ಬಿಡುತ್ತದೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ತಡರಾತ್ರಿ ಕುಡಿದರೆ ಬೆಳಗಿನ ಜಾವ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಬೆವರು, ತೊದಲು, ಗೊಂದಲ ಕಂಡಾಗ ಜೊತೆಯವರು ‘ಅಮಲು’ ಎಂದು ಮಲಗಿಸಿಬಿಡುತ್ತಾರೆ. ನಿದ್ದೆ ಅಥವಾ ಆತಂಕದ ಮಾತ್ರೆಗಳ ಜೊತೆ ಮದ್ಯ ಸೇರಿದರೆ ಉಸಿರಾಟವೇ ಕುಗ್ಗುತ್ತದೆ.

ಕುಡಿದವರು ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರ ನಿಧಾನವಾಗಿದ್ದರೆ ಅಥವಾ ನಡುನಡುವೆ ನಿಲ್ಲುತ್ತಿದ್ದರೆ, ತುಟಿ ನೀಲಿಗಟ್ಟಿ ಮೈ ತಣ್ಣಗಾಗಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಒಬ್ಬರು ಜೊತೆಯಲ್ಲೇ ಇರಿ. ಬಾಯಿಗೆ ಏನನ್ನೂ ಹಾಕಬೇಡಿ, ಬೆರಳಿಟ್ಟು ವಾಂತಿ ಮಾಡಿಸಬೇಡಿ.

ಒಮ್ಮೆಲೇ ನಿಲ್ಲಿಸುವುದು ಏಕೆ ಅಪಾಯ?

ಬಾಗಿಲುಗಳೆಲ್ಲ ಒಂದೇ ದಿನ ಮುಚ್ಚಿದ್ದನ್ನು ನಾವು 2020ರ ಮಾರ್ಚ್‌ನಲ್ಲಿ ಕಂಡೆವು. ಲಾಕ್‌ಡೌನ್‌ನಿಂದ ಪಬ್, ವೈನ್ಸ್, ಕಳ್ಳಿನ ಅಂಗಡಿ ಎಲ್ಲ ನಿಂತವು. ಕೆಲವೇ ದಿನಗಳಲ್ಲಿ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆರೋಗ್ಯ ಆಸ್ಪತ್ರೆಗೆ ನಡುಕ, ಫಿಟ್ಸ್, ಭ್ರಮೆಗಳಿಂದ ಬಳಲುವವರು ಗುಂಪುಗುಂಪಾಗಿ ಬರತೊಡಗಿದರು. ಕಲಬೆರಕೆ ಕಳ್ಳಿನಲ್ಲಿ ಸೇರಿಸುವ ಅಲ್ಪ್ರಜೋಲಾಮ್‌ನಂಥ ಮತ್ತಿನ ಔಷಧಿಯೂ ಏಕಾಏಕಿ ತಪ್ಪಿದ್ದರಿಂದ ಕೆಲವರ ಸ್ಥಿತಿ ಇನ್ನೂ ಬಿಗಡಾಯಿಸಿತು. ತೆಲಂಗಾಣದಲ್ಲಿ ಮದ್ಯದಂಗಡಿಗಳು ಮತ್ತೆ ತೆರೆದದ್ದು ಮೇ 6ರಂದು.

ತಿಂಗಳುಗಟ್ಟಲೆ ದಿನವೂ ಹೆಚ್ಚು ಕುಡಿದಾಗ ಮಿದುಳು ಮದ್ಯದ ಮಂಕಿಗೆ ಎದುರಾಗಿ ತನ್ನನ್ನು ಸದಾ ಚುರುಕಾಗಿ ಇಟ್ಟುಕೊಳ್ಳುವುದನ್ನು ಕಲಿಯುತ್ತದೆ. ಮದ್ಯ ಹಠಾತ್ತಾಗಿ ತಪ್ಪಿದರೆ ಆ ಚುರುಕು ಹತೋಟಿ ಮೀರುತ್ತದೆ. ಕೊನೆಯ ಗ್ಲಾಸ್ ಕುಡಿದ ಆರರಿಂದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕೈ ನಡುಕ, ಬೆವರು, ಎದೆಬಡಿತ, ವಾಕರಿಕೆ. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಜ್ವರ, ದಿಕ್ಕುತಪ್ಪಿದ ಮಾತು, ಇಲ್ಲದ ಹುಳುಹುಪ್ಪಟೆ ಅಥವಾ ಜನರು ಕಾಣಿಸುವುದು ಶುರುವಾಗುತ್ತದೆ. ಇದು ಡಿಲೀರಿಯಂ ಟ್ರೆಮೆನ್ಸ್. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಕುತ್ತು.

ಯುಗಾದಿಗೋ ದಸರೆಗೋ ಊರಿಗೆ ಬಂದ ಮಗ ಅಪ್ಪ ಅಮ್ಮನ ಎದುರು ಕುಡಿಯಲಾರ. ಮೂರನೇ ದಿನಕ್ಕೆ ಹೀಗಾದರೆ ಮನೆಯವರು ಜ್ವರವೆಂದೋ, ಗಾಳಿ ಸೋಕಿದೆಯೆಂದೋ ಓಡಾಡುತ್ತಾರೆ. ಕಾಲು ಮುರಿದು ಆಸ್ಪತ್ರೆಗೆ ಸೇರಿದವರಲ್ಲೂ ಇದೇ ಲೆಕ್ಕ: ಆಪರೇಷನ್ ಚೆನ್ನಾಗಿ ಆಯಿತು, ಮೂರನೇ ದಿನ ರೋಗಿ ಡ್ರಿಪ್ ಕಿತ್ತುಕೊಂಡು ಎದ್ದು ಕೂತ. ದಾಖಲಿಸುವಾಗಲೇ ‘ದಿನಾ ಎಷ್ಟು ಕುಡಿಯುತ್ತಾರೆ, ಕೊನೆಯದಾಗಿ ಕುಡಿದದ್ದು ಯಾವಾಗ’ ಎಂದು ವೈದ್ಯರಿಗೆ ಹೇಳಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಮಾಹಿತಿ ಇದೊಂದೇ ಆಗಿರುತ್ತದೆ.

ಹಾಗಾಗಿ ದಿನವೂ ಕುಡಿಯುವವರಿಗೆ, ಅದರಲ್ಲೂ ಬೆಳಿಗ್ಗೆ ಎದ್ದು ಕೈ ನಡುಕ ನಿಲ್ಲಿಸಲು ಕುಡಿಯಬೇಕಾದವರಿಗೆ ಮತ್ತು ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದವರಿಗೆ, ‘ನಾಳೆಯಿಂದ ಮುಟ್ಟಕೂಡದು’ ಎಂದು ಆಣೆ ಹಾಕಿಸಬೇಡಿ, ಕೋಣೆಯಲ್ಲಿ ಕೂಡಿಹಾಕಬೇಡಿ. ಮೊದಲು ವೈದ್ಯರನ್ನು ಕಾಣಿಸಿ. ನಡುಕ ಮತ್ತು ಫಿಟ್ಸ್ ತಡೆಯುವ ಔಷಧಿಯನ್ನು ಕೆಲವು ದಿನ ಕೊಟ್ಟು ಕ್ರಮೇಣ ಇಳಿಸುತ್ತಾರೆ, ಜೊತೆಗೆ ವಿಟಮಿನ್ ಬಿ1 ಕೊಡುತ್ತಾರೆ. ಆ ಮಾತ್ರೆಗಳನ್ನು ಮೆಡಿಕಲ್ ಅಂಗಡಿಯಿಂದ ನೀವೇ ತಂದು ಕೊಡಬೇಡಿ. ಅವಕ್ಕೂ ಚಟ ಹತ್ತುತ್ತದೆ. ಕುಡಿಯುವವರಿಗೆ ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಯೂ ಬೇಡ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ಮೇಲೆ ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು.

ಹೇಗೆ ಕೇಳಬೇಕು?

‘ಕುಡೀತೀಯಾ?’ ಎಂದು ಕೇಳಿದರೆ ಉತ್ತರ ‘ಇಲ್ಲ’ ಅಥವಾ ‘ಯಾವಾಗಲೋ ಒಮ್ಮೆ’. ವೈದ್ಯರು ಬಳಸುವ ಮೂರು ಪ್ರಶ್ನೆಗಳು ಹೆಚ್ಚು ಉಪಯುಕ್ತ: ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಕುಡಿದ ದಿನ ಎಷ್ಟು ಯೂನಿಟ್, ಒಂದೇ ಸಲಕ್ಕೆ ಆರು ಯೂನಿಟ್ ಮೀರುವುದು ಎಷ್ಟು ಸಲ. ಇದಕ್ಕೆ ನಾನು ಸೇರಿಸುವ ನಾಲ್ಕನೆಯದು: ಮೊದಲ ಗ್ಲಾಸ್ ಎಷ್ಟು ಗಂಟೆಗೆ? ವರ್ಷದ ಹಿಂದೆ ಶನಿವಾರ ರಾತ್ರಿ 9ಕ್ಕೆ ಇದ್ದದ್ದು ಈಗ ಬುಧವಾರ ಸಂಜೆ 6ಕ್ಕೆ ಬಂದಿದ್ದರೆ, ಒಟ್ಟು ಪ್ರಮಾಣ ಹೆಚ್ಚಿಲ್ಲ ಎಂದರೂ ವೈದ್ಯರಿಗೆ ಹೇಳಿ. ಜಗಳದ ರಾತ್ರಿ ಇದನ್ನು ಕೇಳಬೇಡಿ. ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ ಕೇಳಿ.

ದೂರದ ಊರಲ್ಲಿರುವವರು ಫೋನಿನಲ್ಲೇ ಆರಂಭಿಸಬಹುದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ, ತಂದೆ, ತಾಯಿ, ಹೆಂಡತಿ, ಕೋಣೆಯ ಗೆಳೆಯ ಯಾರು ಬೇಕಾದರೂ ಮಾಡಬಹುದು. ಫಿಟ್ಸ್ ಬಂದಿದ್ದರೆ, ಮಾತು ದಿಕ್ಕು ತಪ್ಪಿದ್ದರೆ ಸಹಾಯವಾಣಿಗಲ್ಲ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.